ಮನೆ ಕೊಳ್ಳುವ ಮುನ್ನ ನೆಲ ಅಳೆಸಿರಿ

(ಸಂಘದ ಕಾರ್ಯದರ್ಶಿಯವರಿಂದ)

ಕಾಫಿ ಕುಯ್ಲು ಮುಗಿದು, ಅಡಿಕೆ ಮಂಡಿ ಸೇರಿ, ಬೆಳೆಗಾರನ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಫೆಬ್ರವರಿಯಿಂದ ಮೇ ತಿಂಗಳವರೆಗಿನ ಅವಧಿಯೇ ನಮ್ಮ ಮಲೆನಾಡಿನಲ್ಲಿ ಜಮೀನಿನ ವ್ಯಾಪಾರ ಕುದುರುವ ಕಾಲ. ಪಾಲಾದ ಅಣ್ಣತಮ್ಮಂದಿರಲ್ಲಿ ಒಬ್ಬರು ತಮ್ಮ ಪಾಲಿನ ಮನೆ ತೋಟ ಮಾರಿ ಪೇಟೆ ಸೇರಲು ಹೊರಡುತ್ತಾರೆ. ಮನೆಯಲ್ಲಿ ಜಾಗ ಸಾಲದ ಇನ್ನೊಬ್ಬರು ಅದನ್ನು ಕೊಳ್ಳಲು ಮುಂದೆ ಬರುತ್ತಾರೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಅಡಿಕೆ ತೋಟ, ಗದ್ದೆಗಳಿಗೂ ಊರ ಹೊರಗಿನ ಗಿರಾಕಿಗಳು ಬರತೊಡಗಿದ್ದಾರೆ. "ಈವತ್ತು ಮುಂಗಡ ಕೊಡದಿದ್ದರೆ ನಾಳೆ ಬೆಂಗಳೂರಿನವರ ಪಾಲು" ಎಂಬ ಮಾತು ದಲ್ಲಾಳಿಯ ಬಾಯಲ್ಲಿ ಸದಾ ಇರುತ್ತದೆ. ಈ ಅವಸರದಲ್ಲಿ ನಮ್ಮ ಬೆಳೆಗಾರರು ಪಹಣಿ ನೋಡುತ್ತಾರೆ, ಋಣಭಾರ ಪತ್ರ ತೆಗೆಸುತ್ತಾರೆ, ಬಾವಿಯ ನೀರು ಕುಡಿದು ನೋಡುತ್ತಾರೆ, ಒಳ್ಳೆಯ ದಿನ ಕೇಳುತ್ತಾರೆ. ಅಳತೆಯೊಂದನ್ನು ಮಾತ್ರ ಮಾಡಿಸುವುದಿಲ್ಲ.

ಈ ಲೇಖನದಲ್ಲಿ ನಾನು ಹೇಳಬೇಕಾದ ಮಾತು ಒಂದೇ. ಜಮೀನು ಯಾರದು ಮತ್ತು ಎಷ್ಟು ಎಂಬುದನ್ನು ಪಹಣಿ ಹೇಳುತ್ತದೆ. ಎಲ್ಲಿ ಎಂಬುದನ್ನು ಹೇಳುವುದಿಲ್ಲ. ಎಲ್ಲಿ ಎಂಬುದನ್ನು ಹೇಳುವುದು ಅಳತೆ ಮಾತ್ರ. ಮನೆ ಎಂಬುದು ಒಂದೇ ಜಾಗದಲ್ಲಿ ನಿಂತಿರುವ ವಸ್ತುವಾದುದರಿಂದ, ಮನೆ ಕೊಳ್ಳುವವನಿಗೆ "ಎಷ್ಟು" ಎಂಬುದಕ್ಕಿಂತ "ಎಲ್ಲಿ" ಎಂಬುದೇ ಮುಖ್ಯ.

ನಡೆದ ಒಂದು ಸಂಗತಿ

ನಮ್ಮ ಸದಸ್ಯರೊಬ್ಬರು ಕೆಲವು ವರ್ಷಗಳ ಹಿಂದೆ ದೂರದ ಸಂಬಂಧಿಯಿಂದ ಒಂದು ಹೆಂಚಿನ ಮನೆಯನ್ನೂ ಅದಕ್ಕೆ ಸೇರಿದ 2 ಎಕರೆ 10 ಗುಂಟೆ ತೋಟವನ್ನೂ ಕೊಂಡರು. ಅವರ ಅನುಮತಿ ಪಡೆದು, ಹೆಸರು ಹೇಳದೆ ಇಲ್ಲಿ ಬರೆಯುತ್ತಿದ್ದೇನೆ. ಪಹಣಿ ಮಾರುವವರ ಹೆಸರಿನಲ್ಲಿಯೇ ಇತ್ತು. ಮೂವತ್ತು ವರ್ಷದ ಋಣಭಾರ ಪತ್ರ ಶುದ್ಧವಾಗಿತ್ತು. ಹಿಸ್ಸಾ ನಂಬರನ್ನು ಪೂರ್ತಿಯಾಗಿ ಮಾರುತ್ತಿದ್ದುದರಿಂದ ನೋಂದಣಿಗೆ ಯಾವ ನಕ್ಷೆಯೂ ಬೇಕಾಗಲಿಲ್ಲ. ಮಾರಿದವರು ತೋಟದ ಸುತ್ತ ಕರೆದುಕೊಂಡು ಹೋಗಿ "ಇಗೋ ಈ ಅಗಳು, ಆ ಹಲಸಿನ ಮರ, ಆಚೆ ಹಳ್ಳ" ಎಂದು ತೋರಿಸಿದ್ದರು. ಅವರಿಗೂ ಅವರ ತಂದೆ ಹಾಗೆಯೇ ತೋರಿಸಿದ್ದುದು. ಇದರಲ್ಲಿ ಮೋಸದ ಉದ್ದೇಶವೇನೂ ಇರಲಿಲ್ಲ.

ಮೂರು ವರ್ಷದ ಮೇಲೆ ಪಕ್ಕದ ಮನೆಯಲ್ಲಿ ಪಾಲುಪಟ್ಟಿಯ ಮಾತು ಬಂದು, ಅವರು ಹದ್ದುಬಸ್ತಿಗೆ ಅರ್ಜಿ ಹಾಕಿದರು. ಸರ್ವೆಯರು ಬಂದು ಅಳೆದು ಕಲ್ಲು ನೆಟ್ಟಾಗ ಗಡಿ ಗೆರೆ ನಮ್ಮ ಸದಸ್ಯರ ಕಣದ ನಡುವೆ ಹಾದು, ಅಡುಗೆಮನೆ, ಬಚ್ಚಲು, ಬಾವಿ ಮೂರನ್ನೂ ಪಕ್ಕದವರ ಕಡೆಗೆ ಬಿಟ್ಟಿತ್ತು. ನಮ್ಮ ಸದಸ್ಯರ ಜಮೀನು ವಿಸ್ತೀರ್ಣದಲ್ಲಿ ಒಂದು ಗುಂಟೆಯೂ ಕಡಿಮೆಯಿರಲಿಲ್ಲ. ಅಲ್ಲಿ ಹೋದ ಗುಂಟೆಗಳು ಹಳ್ಳದ ಆಚೆ, ಯಾರೂ ಉಪಯೋಗಿಸದ ಕುರುಚಲಿನಲ್ಲಿ ಸಿಕ್ಕಿದವು. ಪಹಣಿ ಸುಳ್ಳು ಹೇಳಿರಲಿಲ್ಲ. ಮನೆ ಅದರೊಳಗೆ ಇರಲಿಲ್ಲ, ಅಷ್ಟೆ.

ಅದಲುಬದಲಿಗೆ ಪಕ್ಕದವರು ಒಪ್ಪಲಿಲ್ಲ. ಕೊನೆಗೆ ಹಿರಿಯರು ಕುಳಿತು, ಬಾವಿ ಸೇರಿದ 8 ಗುಂಟೆಯನ್ನು ಮನೆ ನಿವೇಶನದ ಬೆಲೆಗೆ ಕೊಡಿಸಿದರು. ಮಗಳ ಮದುವೆಗೆಂದು ನಮ್ಮ ಸಂಘದಲ್ಲಿ ಇಟ್ಟಿದ್ದ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿಕೊಂಡು ಹೋದರು. ಕೊಳ್ಳುವ ಮೊದಲು ಅಳೆಸಿದ್ದರೆ ಆ ಖರ್ಚು ಬೆಲೆಯಲ್ಲಿಯೇ ಕಳೆದುಹೋಗುತ್ತಿತ್ತು, ಅಥವಾ ವ್ಯಾಪಾರವೇ ಬೇಡವೆನಿಸುತ್ತಿತ್ತು.

"ಮಾರಿದವರ ಕುಟುಂಬ ಆ ಮನೆಯಲ್ಲಿ ನಲವತ್ತು ವರ್ಷ ಇತ್ತಲ್ಲ, ಹಕ್ಕು ಬರುವುದಿಲ್ಲವೇ?" ಎಂದು ಹಲವರು ಕೇಳುತ್ತಾರೆ. 1963ರ ಕಾಲಮಿತಿ ಕಾಯ್ದೆಯಲ್ಲಿ ಖಾಸಗಿ ಜಮೀನಿಗೆ 12 ವರ್ಷ, ಸರ್ಕಾರಿ ಜಮೀನಿಗೆ 30 ವರ್ಷ ಎಂಬ ಅವಧಿ ಇರುವುದು ನಿಜ. ಆದರೆ ಬರೀ ಇದ್ದುದರಿಂದಲೇ ಹಕ್ಕು ಬರುವುದಿಲ್ಲ. ಮಾಲೀಕನ ವಿರುದ್ಧವಾಗಿ, ಬಹಿರಂಗವಾಗಿ, ಎಡೆಬಿಡದೆ ಸ್ವಾಧೀನದಲ್ಲಿದ್ದೆವೆಂದು ನ್ಯಾಯಾಲಯದಲ್ಲಿ ಸಿದ್ಧಪಡಿಸಬೇಕು. ಅನುಮತಿಯ ಮೇಲೆ, ನೆಂಟಸ್ತನದ ಮೇಲೆ ಇದ್ದದ್ದು ಲೆಕ್ಕಕ್ಕೆ ಬರುವುದಿಲ್ಲ. ಇರಲು ಮನೆ ಕೊಳ್ಳುವವನು ಮೊಕದ್ದಮೆ ಕೊಳ್ಳಬಾರದು.

ಕಾಗದಗಳು ಏನು ಹೇಳುತ್ತವೆ?

ಹಳೇ ಮೈಸೂರು ಸೀಮೆಯಲ್ಲಿ ಕಂದಾಯ ಭೂಮಾಪನ ಆರಂಭವಾದದ್ದು 1863ರಲ್ಲಿ. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. 33 ಅಡಿ ಉದ್ದ 33 ಅಡಿ ಅಗಲದ ಜಾಗ ಒಂದು ಗುಂಟೆ, ಎಂದರೆ 1,089 ಚದರ ಅಡಿ. 40 ಗುಂಟೆ ಸೇರಿದರೆ 43,560 ಚದರ ಅಡಿಯ ಒಂದು ಎಕರೆ. ಘಟ್ಟದ ಕೆಳಗಿನವರ ಲೆಕ್ಕದಲ್ಲಿ ಎಕರೆಗೆ 100 ಸೆಂಟ್ಸು. ಆದುದರಿಂದ ಒಂದು ಗುಂಟೆ ಎರಡೂವರೆ ಸೆಂಟ್ಸಿಗೆ ಸಮ. ಆ ಕಾಲದಿಂದ ಬಂದ ದಾಖಲೆಗಳೇ ಈಗಲೂ ಅಳತೆಗೆ ಆಧಾರ. ಕೊಳ್ಳುವವರು ಕೆಳಗಿನವುಗಳ ನಕಲು ಪಡೆಯಬೇಕು.

ಟಿಪ್ಪಣಿ: ಮೂಲ ಅಳತೆಗಾರ ಹೊಲದಲ್ಲಿ ನಿಂತು ಬರೆದ ಕೈನಕ್ಷೆ. ಇದು ಪ್ರಮಾಣಕ್ಕೆ ಸರಿಯಾಗಿ ಎಳೆದ ಚಿತ್ರವಲ್ಲ. ಇದರ ಮೇಲಿನ ಸರಪಳಿ ಆಣೆಗಳ ಅಂಕಿಗಳೇ ಮುಖ್ಯ. ನಂಬರು ಪಾಲಾಗಿದ್ದರೆ ಹಿಸ್ಸಾ ಟಿಪ್ಪಣಿಯೂ ಬೇಕು.

ಅಟ್ಲಾಸ್ ಮತ್ತು ಗ್ರಾಮ ನಕ್ಷೆ: ಪ್ರಮಾಣಬದ್ಧವಾಗಿ ಎಳೆದವು. ಅಕ್ಕಪಕ್ಕದ ನಂಬರು, ಹಳ್ಳ, ಬಂಡಿದಾರಿ, ಕಾಲುದಾರಿ ಇವುಗಳಲ್ಲಿ ಕಾಣುತ್ತವೆ.

ಆಕಾರಬಂದು: ಪ್ರತಿ ನಂಬರಿನ ಒಟ್ಟು ವಿಸ್ತೀರ್ಣ, ಖರಾಬು, ಕಂದಾಯ ಇದರಲ್ಲಿವೆ.

ಪಹಣಿ: 2000ದಲ್ಲಿ ಬಂದ ಭೂಮಿ ಯೋಜನೆಯಿಂದ ಇದು ಗಣಕಯಂತ್ರದಲ್ಲಿ ಸಿಗುತ್ತಿದೆ. 3ನೇ ಕಲಮಿನಲ್ಲಿ ವಿಸ್ತೀರ್ಣ ಮತ್ತು ಖರಾಬು, 9ರಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮೊದಲಾದ ಋಣಗಳನ್ನು ನೋಡಿ.

ಪಹಣಿಯ ವಿಸ್ತೀರ್ಣ, ಆಕಾರಬಂದಿನ ವಿಸ್ತೀರ್ಣ, ಟಿಪ್ಪಣಿಯ ಅಂಕಿಗಳಿಂದ ಬರುವ ವಿಸ್ತೀರ್ಣ, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ತಾಳೆಯಾಗದಿದ್ದರೆ ಅಲ್ಲಿಯೇ ನಿಲ್ಲಿ. ದರಖಾಸ್ತಿನಲ್ಲಿ ಒಂದೇ ಸರ್ವೆ ನಂಬರಿನಿಂದ ಹತ್ತಾರು ಜನರಿಗೆ ಮಂಜೂರಾಗಿ, ಪೋಡಿಯಾಗದೆ ಉಳಿದಿರುವ ಕಡೆಗಳಲ್ಲಿ ಮಂಜೂರಾತಿಗಳ ಮೊತ್ತವೇ ನಂಬರಿನ ವಿಸ್ತೀರ್ಣವನ್ನು ಮೀರಿರುವುದುಂಟು. ಹಾಗೆಯೇ ಒಂದೇ ಪಹಣಿಯಲ್ಲಿ ಐದಾರು ಮಾಲೀಕರ ಹೆಸರಿದ್ದರೆ, ಪ್ರತಿಯೊಬ್ಬನಿಗೆ ಎಷ್ಟು ಗುಂಟೆ ಎಂದು ಗೊತ್ತಾಗುತ್ತದೆಯೇ ಹೊರತು ಯಾರದು ಯಾವ ಮೂಲೆ ಎಂಬುದು ಗೊತ್ತಾಗುವುದಿಲ್ಲ. ಇಂಥ ಜಮೀನನ್ನು ಪೋಡಿಯಾಗದೆ ಕೊಳ್ಳಬಾರದು.

ಖರಾಬು, ಕುಮ್ಕಿ, ಬಾಣೆ, ಬೆಟ್ಟ

ಮನೆ ಎಲ್ಲಿದೆ ಎಂಬ ಪ್ರಶ್ನೆ ಪಕ್ಕದವರ ಗಡಿಗೆ ಮಾತ್ರ ಸೇರಿದ್ದಲ್ಲ. ಖರಾಬಿನಲ್ಲಿ ಎರಡು ಬಗೆ. "ಎ" ಖರಾಬು ಬೇಸಾಯಕ್ಕೆ ಬಾರದ ಬಂಡೆ, ಗುಂಡಿ ಮುಂತಾದ ಜಾಗ. "ಬಿ" ಖರಾಬು ದಾರಿ, ಹಳ್ಳ, ಕೆರೆ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. ಮನೆ ಅಥವಾ ಕಣ "ಬಿ" ಖರಾಬಿನ ಮೇಲೆ ಇದ್ದರೆ ಅದನ್ನು ಮಾರುವ ಅಧಿಕಾರ ಯಾವ ಖಾಸಗಿಯವನಿಗೂ ಇಲ್ಲ.

ಮಲೆನಾಡು ಕರಾವಳಿಗಳಲ್ಲಿ ಇನ್ನೊಂದು ತೊಡಕಿದೆ. ದಕ್ಷಿಣ ಕನ್ನಡದ ಕುಮ್ಕಿ, ಶಿವಮೊಗ್ಗ ಉತ್ತರ ಕನ್ನಡಗಳ ಸೊಪ್ಪಿನ ಬೆಟ್ಟ, ಕೊಡಗಿನ ಬಾಣೆ, ಇವೆಲ್ಲ ಗದ್ದೆ ತೋಟಗಳಿಗೆ ಹೊಂದಿಕೊಂಡ ವಿಶೇಷ ಸೌಲಭ್ಯದ ಜಾಗಗಳಾಗಿ ಬಂದವು. ಕುಮ್ಕಿ ಮತ್ತು ಬೆಟ್ಟಗಳಲ್ಲಿ ಸೊಪ್ಪು, ಸೌದೆ, ಮೇವು ಪಡೆಯುವ ಹಕ್ಕು ಬೇರೆ, ನೆಲದ ಒಡೆತನ ಬೇರೆ. ಬಾಣೆಯಲ್ಲಿ ಮರದ ಹಕ್ಕಿನ ಪ್ರಶ್ನೆಯನ್ನು ಪ್ರತ್ಯೇಕವಾಗಿ ನೋಡಬೇಕು. ಮಾರುವವರು ತೋರಿಸುವ ಬೇಲಿಯೊಳಗೆ ನಾಲ್ಕು ಎಕರೆ ಕಾಣಬಹುದು, ಪಟ್ಟಾ ಎರಡೇ ಎಕರೆಗಿರಬಹುದು. ಅನೇಕ ಕಡೆ ಹಿರಿಯರು ಗದ್ದೆಯ ನೆಲ ಉಳಿಸಲೆಂದು ಮನೆಯನ್ನು ಏರು ಜಾಗದಲ್ಲಿ ಕಟ್ಟಿದ್ದಾರೆ. ಆ ಏರು ಜಾಗ ಪಟ್ಟಾದೊಳಗಿನದೋ ಹೊರಗಿನದೋ ಎಂಬುದನ್ನು ಅಳತೆಯಿಂದಲ್ಲದೆ ತಿಳಿಯಲಾಗದು.

ಆ ನಂಬರಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಅಥವಾ 17ನೇ ಕಲಮಿನ ಅಧಿಸೂಚನೆ ಆಗಿದೆಯೇ ಎಂಬುದನ್ನೂ ವಿಚಾರಿಸಬೇಕು. 4ನೆಯದು ಮೀಸಲು ಅರಣ್ಯ ಮಾಡುವ ಉದ್ದೇಶದ ಪ್ರಕಟಣೆ, 17ನೆಯದು ಅಂತಿಮ ಘೋಷಣೆ. "ಫಾರಂ 53, ಫಾರಂ 57 ಹಾಕಿದ್ದೇವೆ, ಇನ್ನೇನು ಆಗುತ್ತದೆ" ಎಂಬ ಮಾತಿನ ಮೇಲೆ ಹಣ ಕೊಡಬೇಡಿ. ಅರ್ಜಿ ಹಕ್ಕಲ್ಲ.

ಊರೊಳಗಿನ ಮನೆಯ ವಿಷಯ ಬೇರೆ. ಗ್ರಾಮಠಾಣವನ್ನು ಹಿಂದಿನ ಭೂಮಾಪನದಲ್ಲಿ ಒಟ್ಟಾಗಿ ಗುರುತಿಸಿ ಬಿಟ್ಟಿದ್ದರಿಂದ ಅಲ್ಲಿನ ಒಂದೊಂದು ಮನೆಗೂ ಟಿಪ್ಪಣಿ ಇರುವುದಿಲ್ಲ. ಅಂಥ ಮನೆಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆಗಳಾದ 9 ಮತ್ತು 11ನೇ ನಮೂನೆಗಳನ್ನು ಪಡೆದು, ಅವುಗಳ ಅಳತೆಯನ್ನು ಸ್ಥಳದಲ್ಲಿ ಹಗ್ಗ ಹಿಡಿದು ತಾಳೆ ನೋಡಬೇಕು. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಮೂಲಕ ಅಳತೆಯಾದ ಊರುಗಳಲ್ಲಿ ಆ ನಕ್ಷೆಯನ್ನೂ ಕೇಳಿ ನೋಡಿ.

ಇಳಿಜಾರಿನ ಲೆಕ್ಕ, ಮರದ ಲೆಕ್ಕ

ಗುಡ್ಡದ ತೋಟ ಕೊಳ್ಳುವಾಗ ಟೇಪು ಹಿಡಿದು ಅಳೆದವರಿಗೂ ಲೆಕ್ಕ ತಪ್ಪುವುದುಂಟು. ಭೂಮಾಪನದ ವಿಸ್ತೀರ್ಣವೆಂದರೆ ನೆಲವನ್ನು ಮೇಲಿನಿಂದ ನೋಡಿದಂತೆ ಮಟ್ಟವಾಗಿ ಅಳೆದ ವಿಸ್ತೀರ್ಣ. ಇಳಿಜಾರಿನ ಮೇಲೆ ಟೇಪು ಎಳೆದರೆ ಹೆಚ್ಚು ಬರುತ್ತದೆ. 20 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲಿನ 100 ಅಡಿ ಮಟ್ಟದ ಲೆಕ್ಕಕ್ಕೆ 94 ಅಡಿ. 30 ಡಿಗ್ರಿಯಲ್ಲಿ 87 ಅಡಿಗೂ ಸ್ವಲ್ಪ ಕಡಿಮೆ. ಹೀಗೆ ಟೇಪಿನಲ್ಲಿ ಒಂದು ಎಕರೆ ಬಂದ ಕಡಿದಾದ ಕಾಫಿ ತೋಟ ದಾಖಲೆಯಲ್ಲಿ 34–35 ಗುಂಟೆ ಇದ್ದೀತು.

ಮರ ಎಣಿಸಿ ಎಕರೆ ಹೇಳುವ ಪದ್ಧತಿಯೂ ಇದೆ. "ಸಾವಿರ ಅಡಿಕೆ ಮರ ಇದೆ, ಹತ್ತಿರ ಹತ್ತಿರ ಎರಡು ಎಕರೆ" ಎನ್ನುತ್ತಾರೆ. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 538 ಮರ ಹಿಡಿಯುವುದರಿಂದ ಸಾವಿರ ಮರಕ್ಕೆ 1 ಎಕರೆ 34 ಗುಂಟೆ ಸರಿ. ಅದೇ 8 ಅಡಿಗೆ ನೆಟ್ಟಿದ್ದರೆ ಎಕರೆಗೆ 680 ಮರ. ಆಗ ಸಾವಿರ ಮರ ಇರುವ ಜಾಗ 1 ಎಕರೆ 19 ಗುಂಟೆ ಮಾತ್ರ. ನಡುವಿನ ಹದಿನೈದು ಗುಂಟೆಗೆ ಇಂದಿನ ಬೆಲೆ ಎಷ್ಟೆಂದು ತಾವೇ ಲೆಕ್ಕ ಹಾಕಿ ನೋಡಿ.

ಅಳತೆ ಮಾಡಿಸುವ ಕ್ರಮ

ಮೊದಲು ತಿಳಿಯಬೇಕಾದದ್ದು, ಹದ್ದುಬಸ್ತಿಗೆ ಅರ್ಜಿ ಹಾಕಬೇಕಾದವರು ಖಾತೆದಾರರು, ಎಂದರೆ ಮಾರುವವರು. ಕೊಳ್ಳುವವರು ಹಾಕಲಾಗದು. ಆದುದರಿಂದ ಇದನ್ನು ಕರಾರು ಪತ್ರದಲ್ಲಿಯೇ ಸೇರಿಸಬೇಕು. ಸಣ್ಣ ಮೊತ್ತದ ಮುಂಗಡ. ಇಷ್ಟು ತಿಂಗಳೊಳಗೆ ಮಾರುವವರು ಅಳತೆ ಮಾಡಿಸಿ ಕಲ್ಲು ನೆಡಿಸಿ ಕೊಡುವುದು. ಮನೆ, ಬಾವಿ, ಕಣ ಗಡಿಯೊಳಗೆ ಇಲ್ಲದಿದ್ದರೆ ಮುಂಗಡ ವಾಪಸು. ವಿಸ್ತೀರ್ಣ ಕಡಿಮೆ ಬಂದರೆ ಗುಂಟೆಗೆ ಇಷ್ಟರಂತೆ ಬೆಲೆ ಇಳಿಕೆ. ಈ ನಾಲ್ಕು ಷರತ್ತುಗಳಿದ್ದರೆ ಸಾಕು. ಅಳತೆಯ ಶುಲ್ಕವನ್ನು ಕೊಳ್ಳುವವರೇ ಕೊಡುವುದಾಗಿ ಹೇಳಿದರೆ ಮಾರುವವರಿಗೂ ಭಾರವಾಗುವುದಿಲ್ಲ.

ಅರ್ಜಿ ಬಂದ ಮೇಲೆ ಅಕ್ಕಪಕ್ಕದ ಖಾತೆದಾರರಿಗೆ ನೋಟೀಸು ಹೋಗುತ್ತದೆ. ಅಳತೆಯ ದಿನ ಅವರು ಸ್ಥಳದಲ್ಲಿರುವುದು ಬಹಳ ಮುಖ್ಯ. ಅವರ ಬೆನ್ನ ಹಿಂದೆ ನೆಟ್ಟ ಕಲ್ಲು ಮುಂದಿನ ಮಳೆಗಾಲದೊಳಗೆ ಕಾಣೆಯಾಗುತ್ತದೆ. ತಾವೇ ಹಿಂದಿನ ದಿನ ಹೋಗಿ ಕರೆದು ಬನ್ನಿ. ಗಡಿಯ ಸಾಲಿನ ಲಂಟಾನ, ಮುಳ್ಳು ಸವರಿಸಿ ಇಡಿ. ಈಗ ಸರಪಳಿಯ ಜೊತೆಗೆ ಟೋಟಲ್ ಸ್ಟೇಷನ್, ರೋವರ್ ಯಂತ್ರಗಳು ಬಂದಿವೆ. ದಟ್ಟ ನೆರಳಿನ ಕಾಫಿ ತೋಟದಲ್ಲಿ ರೋವರಿಗೆ ಉಪಗ್ರಹದ ಸಂಕೇತ ಸರಿಯಾಗಿ ಸಿಗದಿರಬಹುದು. ಟೋಟಲ್ ಸ್ಟೇಷನ್ನಿಗೆ ಕಣ್ಣೋಟದ ದಾರಿ ಬೇಕು. ಮರಗಸಿ ಮುಗಿದ, ಮಳೆಯಿಲ್ಲದ ದಿನಗಳು ಅನುಕೂಲ.

ಹಳೆಯ ಬಾಂದು ಕಲ್ಲುಗಳನ್ನು ಮೊದಲೇ ಹುಡುಕಿಡಿ. ತರಗೆಲೆಯಡಿ ಹೂತ ಒಂದು ಕಲ್ಲು ಸಿಕ್ಕಿದರೆ ಸರ್ವೆಯರ ಅರ್ಧ ಕೆಲಸ ಮುಗಿದಂತೆ. ಅಗಳನ್ನೇ ಗಡಿಯೆಂದು ನಂಬಬೇಡಿ. ಅಗಳು ತೆಗೆದದ್ದು ದನ ಬಾರದಿರಲೆಂದು. ಸುಲಭವಾಗಿ ಅಗೆಯಲು ಬರುವ ಕಡೆ ಅದು ತಿರುಗಿರುತ್ತದೆ.

ಅಳತೆಯಾದ ಮೇಲೆ ನಕ್ಷೆಯ ಮೇಲೆ ಮನೆ, ಬಾವಿ, ಪಂಪುಮನೆ, ಕಣ, ಗೊಬ್ಬರಗುಂಡಿ, ವಿದ್ಯುತ್ ಕಂಬ, ಬರುವ ದಾರಿ ಇಷ್ಟನ್ನೂ ಗುರುತು ಹಾಕಿಸಿಕೊಳ್ಳಿ. ದಾರಿಯನ್ನು ಎರಡು ಸಲ ನೋಡಿ. ಜೀಪು ಹೋಗುತ್ತದೆ ಎಂಬುದು ದಾರಿಯ ಹಕ್ಕಲ್ಲ. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಇದ್ದರೆ ಸರಿ. ಇಲ್ಲದೆ ಬೇರೆಯವರ ತೋಟದೊಳಗೆ ಹಾದುಬರುವುದಾದರೆ ಅವರಿಂದ ನೋಂದಾಯಿತ ಕಾಗದ ಬೇಕು. 1882ರ ಅನುಭೋಗ ಹಕ್ಕುಗಳ ಕಾಯ್ದೆಯಂತೆ 20 ವರ್ಷ ತಡೆಯಿಲ್ಲದೆ, ಹಕ್ಕಿನಿಂದ ನಡೆದ ದಾರಿಗೂ ಹರಿಸಿದ ನೀರಿಗೂ ಹಕ್ಕು ಬರುತ್ತದೆ. ಆದರೆ ತಕರಾರಾದರೆ ಅದನ್ನೂ ನ್ಯಾಯಾಲಯದಲ್ಲಿಯೇ ಸಿದ್ಧಪಡಿಸಬೇಕು. ಈ ಹಕ್ಕು ನಿಮ್ಮ ನೆಲದ ಮೇಲೆ ಬೇರೆಯವರಿಗೂ ಇರಬಹುದು ಎಂಬುದನ್ನು ಮರೆಯಬೇಡಿ.

ನಂಬರಿನ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಇಲ್ಲದೆ ನೋಂದಣಿಯೇ ಆಗದು. ಅಲ್ಲಿ ಕಾನೂನು ತಾನಾಗಿ ನಮ್ಮನ್ನು ಕಾಯುತ್ತದೆ. ಪೂರ್ತಿ ನಂಬರನ್ನು ಕೊಳ್ಳುವಾಗಲೇ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅಲ್ಲಿ ಯಾರೂ ಅಳತೆ ಕೇಳುವುದಿಲ್ಲ. ಸಬ್ ರಿಜಿಸ್ಟ್ರಾರರು ಪತ್ರವನ್ನು ನೋಂದಾಯಿಸುತ್ತಾರೆಯೇ ಹೊರತು ಗಡಿಗೆ ಜವಾಬ್ದಾರರಲ್ಲ. ಕ್ರಯಪತ್ರದ ಚೆಕ್ಕುಬಂದಿಯನ್ನು ಹಳೆಯ ಪತ್ರದಿಂದ ನಕಲು ಮಾಡಿಸದೆ ಹೊಸ ನಕ್ಷೆಗೆ ಸರಿಯಾಗಿ ಬರೆಸಿ, ನಕ್ಷೆಯನ್ನೂ ಪತ್ರಕ್ಕೆ ಲಗತ್ತಿಸಿ.

ಕೈಯಲ್ಲಿರುವ ದೂರವಾಣಿಯಲ್ಲಿ ದಿಶಾಂಕ್ ತೆರೆದು ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೇವೆಂದು ತೋರಿಸುತ್ತದೆ. ಮೊದಲ ಭೇಟಿಯಲ್ಲಿ ಇದನ್ನು ಅವಶ್ಯವಾಗಿ ಮಾಡಿ. ಮನೆಯೇ ಬೇರೆ ನಂಬರಿನಲ್ಲಿ ಕಂಡರೆ ಎಚ್ಚರವಾಗಬಹುದು. ಆದರೆ ಅದು ಸುಮಾರಾಗಿ ತೋರಿಸುವ ಸಾಧನ; ನಾಲ್ಕು ಅಡಿಯ ತಕರಾರನ್ನು ಅದು ತೀರಿಸಲಾರದು, ಹದ್ದುಬಸ್ತಿಗೆ ಬದಲಿಯೂ ಅಲ್ಲ.

ಮನೆಯ ತಪಾಸಣೆ

ನೆಲ ಸರಿಯಾದ ಮೇಲೆ ಮನೆಯನ್ನು ನೋಡುವುದು. ಒಬ್ಬ ಅನುಭವಸ್ಥ ಬಡಗಿಯನ್ನು ಅಟ್ಟಕ್ಕೆ ಹತ್ತಿಸಿ ತೊಲೆ, ಪಕಾಸು, ರೀಪುಗಳನ್ನು ಚಾಕುವಿನ ತುದಿಯಿಂದ ಚುಚ್ಚಿಸಿ ನೋಡಿ. ಒರಲೆ ಹಿಡಿದ ಮರ ಹೊರಗೆ ಚೆನ್ನಾಗಿಯೇ ಕಾಣುತ್ತದೆ. ಬಾವಿಯನ್ನು ಏಪ್ರಿಲ್ ಮೇ ತಿಂಗಳಲ್ಲಿಯೂ, ಮನೆಯನ್ನು ಸಾಧ್ಯವಾದರೆ ಜುಲೈ ಮಳೆಯಲ್ಲಿಯೂ ನೋಡಬೇಕು.

ಮನೆಯ ಹಿಂದಿನ ಧರೆಯನ್ನು ವಿಶೇಷವಾಗಿ ಗಮನಿಸಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನಲ್ಲಿ, 2024ರ ಜುಲೈನಲ್ಲಿ ನೆರೆಯ ವಯನಾಡಿನಲ್ಲಿ ಗುಡ್ಡ ಜಾರಿದ್ದನ್ನು ನಾವೆಲ್ಲ ಕಂಡಿದ್ದೇವೆ. ಧರೆಯ ಮೇಲೆ ಬಿರುಕು, ವಾಲಿದ ಮರಗಳು, ಹಿಂದೆ ಇಲ್ಲದ ಕಡೆ ಜಲ ಒಡೆಯುವುದು, ಗೋಡೆಯ ಬುಡದಲ್ಲಿ ಹೊಸ ಸೀಳು, ಇವು ಕಂಡಲ್ಲಿ ಮನೆ ಎಷ್ಟೇ ಸುಂದರವಾಗಿದ್ದರೂ ಕೊಳ್ಳಬೇಡಿ.

ದಾಕ್ಷಿಣ್ಯದ ಮಾತು

ಇಷ್ಟೆಲ್ಲ ಗೊತ್ತಿದ್ದೂ ನಮ್ಮವರು ಅಳತೆ ಮಾಡಿಸದಿರುವುದಕ್ಕೆ ಕಾರಣ ಅಜ್ಞಾನಕ್ಕಿಂತ ದಾಕ್ಷಿಣ್ಯ. ಮಾರುವವರು ನೆಂಟರು, ಒಂದೇ ದೇವಸ್ಥಾನಕ್ಕೆ ನಡೆದುಕೊಳ್ಳುವವರು. "ಅಳೆಸಿ ಕೊಡಿ" ಎಂದರೆ ಅವರ ಮಾತಿನಲ್ಲಿ ಅನುಮಾನಪಟ್ಟಂತೆ ಎಂಬ ಸಂಕೋಚ. ಹೇಳುವ ರೀತಿಯಲ್ಲಿ ಹೇಳಿದರೆ ಯಾರೂ ಬೇಸರಪಡುವುದಿಲ್ಲ. "ಮಾವಯ್ಯ, ನಿಮ್ಮ ಮಾತಿನ ಮೇಲೆ ನನಗೆ ಅನುಮಾನವಿಲ್ಲ. ನೀವೂ ನಾನೂ ಇರುವಷ್ಟು ದಿನ ಮಾತೇ ಸಾಕು. ನಮ್ಮ ಮಕ್ಕಳ ಕಾಲಕ್ಕೆ ಕಲ್ಲು ಇರಲಿ" ಎಂದರೆ ಒಪ್ಪದ ಹಿರಿಯರಿಲ್ಲ. ಆಗಲೂ ಒಪ್ಪದವರಿದ್ದರೆ ಅವರಿಂದ ಕೊಳ್ಳದಿರುವುದೇ ಲೇಸು. ನೆಂಟಸ್ತನ ಕೆಡುವುದು ಅಳತೆಯಿಂದಲ್ಲ. ಅಳತೆಯಿಲ್ಲದೆ ಕೊಂಡು ಹತ್ತು ವರ್ಷದ ಮೇಲೆ ಕೋರ್ಟಿನ ಜಗಲಿಯಲ್ಲಿ ಎದುರುಬದುರು ಕೂರುವುದರಿಂದ.

ಕಾನೂನೂ ಇದನ್ನೇ ಹೇಳುತ್ತದೆ. ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ತಿಳಿದಿರುವ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ದೋಷವನ್ನು ಮಾರುವವನು ತಿಳಿಸಬೇಕು. ಅಳತೆಯಿಂದ ಗೊತ್ತಾಗುವ ಗಡಿಯನ್ನು ಅಳೆಸದೆ ಬಿಟ್ಟವನಿಗೆ "ನನಗೆ ಹೇಳಲಿಲ್ಲ" ಎಂದು ದೂರಲು ಹೆಚ್ಚು ನೆಲೆ ಉಳಿಯುವುದಿಲ್ಲ.

ಅಳತೆಯೊಂದರಿಂದಲೇ ಎಲ್ಲ ಮುಗಿಯಿತೆಂದೂ ಭಾವಿಸಬಾರದು. ಮಂಜೂರಾದ ಜಮೀನಿನ ಪರಭಾರೆ ಷರತ್ತು, ಪರಿಶಿಷ್ಟ ಜಾತಿ ಪಂಗಡದವರ ಮಂಜೂರಾತಿ ಜಮೀನುಗಳನ್ನು ಕಾಪಾಡುವ 1978ರ ಕಾಯ್ದೆ, ಹೆಣ್ಣುಮಕ್ಕಳ ಪಾಲು, ಇವನ್ನೆಲ್ಲ ವಕೀಲರಿಂದ ನೋಡಿಸಬೇಕು.

ಈ ಬೇಸಿಗೆಯಲ್ಲಿ ಮನೆ ತೋಟ ಕೊಳ್ಳುವ ವಿಚಾರವಿರುವ ಸದಸ್ಯರು ಮುಂಗಡ ಕೊಡುವ ಮೊದಲು ಪಹಣಿ, ಆಕಾರಬಂದು, ಟಿಪ್ಪಣಿಯ ನಕಲುಗಳೊಂದಿಗೆ ಸಂಘದ ಕಛೇರಿಗೆ ಬಂದರೆ ಮೂರನ್ನೂ ಕೂಡಿ ತಾಳೆ ನೋಡೋಣ. ಈಗಾಗಲೇ ಕೊಂಡಿರುವವರೂ ಒಮ್ಮೆ ತಮ್ಮ ಬಾಂದು ಕಲ್ಲುಗಳನ್ನು ಹುಡುಕಿ, ಸುತ್ತಲೂ ಸವರಿ, ಸುಣ್ಣ ಬಳಿದು, ಮಕ್ಕಳಿಗೆ ತೋರಿಸಿಡಿ. ಕಲ್ಲು ಸಿಗದಿದ್ದರೆ ಈ ಮಳೆಗಾಲಕ್ಕೆ ಮುಂಚೆಯೇ ಹದ್ದುಬಸ್ತಿಗೆ ಅರ್ಜಿ ಹಾಕಿ.